ಎಟೆಲ್ಕ ಅವರ ಬೆಳಗಿನ ಬಿಳಿ

ವಾರ್ಕೊನಿ ಎಟೆಲ್ಕ ಎಂಬ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಬುಡಾಪೆಸ್ಟಿನ ಗುಡ್ಡದ ಮಗ್ಗುಲಲ್ಲಿದ್ದ ಒಂದು ಅಳತೆ ಸಂಸ್ಥೆಯ ನೆಲಮಾಳಿಗೆಯಲ್ಲಿ ಮೂವತ್ತೈದು ವರ್ಷ ಕೂತು ಬಣ್ಣ ಅಳೆದ ಹೆಂಗಸು ಆಕೆ. ಪದಕ ಬರಲಿಲ್ಲ, ಪಟ ತೂಗುಹಾಕಲಿಲ್ಲ. ಆಕೆ ಬಿಟ್ಟುಹೋದದ್ದು ಒಂದೇ ಒಂದು ಗೆರೆ. ಒಬ್ಬ ಮನುಷ್ಯನ ಒಂದು ಕಣ್ಣು ಇಪ್ಪತ್ತನಾಲ್ಕು ವರ್ಷಗಳಲ್ಲಿ ದಿನದಿಂದ ದಿನಕ್ಕೆ ಹೇಗೆ ಮುಪ್ಪಾಯಿತು ಎಂದು ತೋರಿಸುವ ಗೆರೆ. ಅಂಥದ್ದನ್ನು ಆಕೆಗಿಂತ ಮೊದಲು ಯಾರೂ ಎಳೆದದ್ದು ನನಗೆ ತಿಳಿದಿಲ್ಲ, ಯಾಕೆಂದರೆ ಅಷ್ಟು ತಾಳ್ಮೆ ಯಾರಿಗಿದೆ ಹೇಳಿ?

ಆ ಗೆರೆಯನ್ನು ಹಾಳುಮಾಡಲು ಹೊರಟವನು ನಾನೇ. ಆಕೆಯ ಮೇಲಿನ ಕೃತಜ್ಞತೆಯಿಂದಲೇ ಹೊರಟೆ. ಇದನ್ನೆಲ್ಲ ಬರೆಯಬೇಡಿ, ಇದ್ದ ಮರ್ಯಾದೆಯೂ ಹೋಗುತ್ತದೆ ಎನ್ನುತ್ತಾಳೆ ನನ್ನ ಹೆಂಡತಿ. ಹೋದರೆ ಹೋಗಲಿ, ಎಪ್ಪತ್ತೈದರ ಮುದುಕನಿಗೆ ಮರ್ಯಾದೆ ಇಟ್ಟುಕೊಂಡು ಏನಾಗಬೇಕು?

ನನ್ನ ಹೆಸರು ಬೆನೆಡೆಕ್. ಹುಟ್ಟಿದ್ದು ತಿಸಾ ನದಿಯ ದಂಡೆಯಲ್ಲಿ, ಮೆಣಸಿನಕಾಯಿ ಹಾರಗಳು ಸೂರಿನಿಂದ ನೆಲದವರೆಗೂ ಇಳಿಬೀಳುವ ಊರಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು, ಅಜ್ಜನೂ ರೈಲ್ವೆಯಲ್ಲಿದ್ದರು, ನಾನೂ ಸೇರಬೇಕೆಂದು ತೊಟ್ಟಿಲಲ್ಲೇ ತೀರ್ಮಾನವಾಗಿತ್ತು. ಹತ್ತೊಂಬತ್ತು ತುಂಬಿದಾಗ ರೈಲ್ವೆಯ ವೈದ್ಯರು ಚುಕ್ಕಿಚುಕ್ಕಿಯ ಪುಸ್ತಕವೊಂದನ್ನು ಮುಂದಿಟ್ಟು ಇದರಲ್ಲಿ ಯಾವ ಅಂಕಿ ಇದೆ ಎಂದರು. ಅಂಕಿಯೇ ಇಲ್ಲವಲ್ಲ ಎಂದೆ. ಮುಂದಿನ ಪುಟಕ್ಕೂ ಅದನ್ನೇ ಹೇಳಿದೆ. ಅವರು ಪುಸ್ತಕ ಮುಚ್ಚಿ, ಇಂಥ ಕಣ್ಣಿನವನ ಕೈಗೆ ರೈಲು ಕೊಟ್ಟರೆ ಇಡೀ ಊರನ್ನೇ ಹಳ್ಳಕ್ಕೆ ಕೆಡವುತ್ತಾನೆ ಎಂದು ಅಪ್ಪನ ಎದುರಿಗೇ ನಕ್ಕರು. ನನಗೆ ಕೆಂಪು ಮೆಣಸಿನಕಾಯಿಯೂ ಅದರ ಎಲೆಯೂ ಹೆಚ್ಚುಕಡಿಮೆ ಒಂದೇ ಬಣ್ಣವಾಗಿ ಕಾಣುತ್ತವೆ ಎಂದು ಮನೆಯವರಿಗೆ ಗೊತ್ತಾದದ್ದೇ ಆ ದಿನ. ಅಪ್ಪ ಮೂರು ದಿನ ಮಾತು ಬಿಟ್ಟರು. ಅಮ್ಮ ಮಾತ್ರ, ಇಷ್ಟು ವರ್ಷ ಕಾಯಿ ಕೀಳಲು ನನ್ನನ್ನು ಕಳಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಎರಡು ತಿಂಗಳ ನಂತರ ರಾಜಧಾನಿಯಿಂದ ಪತ್ರ ಬಂತು. ಪರೀಕ್ಷೆಯಲ್ಲಿ ಹೀಗೆ ನಪಾಸಾದವರ ಪಟ್ಟಿಯನ್ನು ಯಾರೋ ಡಾಕ್ಟರ್ ವಾರ್ಕೊನಿ ತರಿಸಿಕೊಂಡಿದ್ದರಂತೆ. ಬಂದು ಹೋಗುವ ಟಿಕೆಟ್ಟೂ ಒಳಗಿತ್ತು. ನೋಡೋಣ, ಕಣ್ಣಿಗೆ ಔಷಧಿ ಹಾಕುತ್ತಾರೇನೋ ಎಂದುಕೊಂಡು ಹೋದೆ.

ನೆಲಮಾಳಿಗೆ, ಕಪ್ಪು ಬಳಿದ ಗೋಡೆ, ಕಪ್ಪು ಪರದೆ. ಕುಳ್ಳಗಿದ್ದ, ಬೂದು ಕೋಟು ತೊಟ್ಟಿದ್ದ ಮೂವತ್ತೆಂಟರ ಹೆಂಗಸೊಬ್ಬರು, ಅವರೇ ಡಾಕ್ಟರ್ ವಾರ್ಕೊನಿ ಎಟೆಲ್ಕ, ನನ್ನನ್ನು ಒಂದು ಕೊಳವೆಯ ಮುಂದೆ ಕೂರಿಸಿ ಎರಡು ಗಂಟೆ ಬೆಳಕು ತೋರಿಸಿದರು. ಇದೂ ಅದೂ ಒಂದೇನಾ, ಈಗ ಒಂದೇನಾ ಎಂದು ಕೇಳುತ್ತಲೇ ಹೋದರು. ಕೊನೆಗೆ ದೀಪ ಹಾಕಿದಾಗ ನಾನು ತಪ್ಪು ಮಾಡಿದ ಮಗುವಿನಂತೆ ತಲೆ ತಗ್ಗಿಸಿ ಕೂತಿದ್ದೆ. ಆಗ ಆಕೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ತಲೆ ಎತ್ತಯ್ಯ. ನಿನ್ನ ಕಣ್ಣು ಕೆಟ್ಟಿಲ್ಲ. ನಮ್ಮ ಕಣ್ಣಲ್ಲಿ ಮೂರು ಥರದ ಜೀವಕೋಶ ಇದಾವೆ, ಮೂರೂ ಸೇರಿ ಗದ್ದಲ ಎಬ್ಬಿಸ್ತವೆ. ನಿನ್ನ ಹತ್ರ ಎರಡೇ ಇರೋದು. ಆ ಎರಡು ಏನು ಮಾತಾಡ್ತವೆ ಅಂತ ಕೇಳಿಸ್ಕೊಳ್ಳೋಕೆ ನನಗೆ ನಿನ್ನಂಥವನೇ ಬೇಕಾಗಿದ್ದ. ಸೋಮವಾರದಿಂದ ಬರ್ತೀಯಾ?"

ಇಷ್ಟೇ. ಆದರೆ ರೈಲ್ವೆಯ ವೈದ್ಯರು ನಕ್ಕಾಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಆ ಮಾತಿಗೆ ಕರಗಿಹೋಯಿತು. ಹೊರಡುವಾಗ ಆಕೆ ನನ್ನ ಕಾಲು ನೋಡಿ ಮುಸಿಮುಸಿ ನಕ್ಕರು. ಒಂದು ಕಾಲುಚೀಲ ಹಸಿರು, ಇನ್ನೊಂದು ಕಂದು ಇತ್ತಂತೆ. ನಗುವಾಗಲೂ ಅವಮಾನ ಮಾಡದ ಜನ ಲೋಕದಲ್ಲಿದ್ದಾರೆ ಎಂದು ಆ ಹೊತ್ತು ತಿಳಿಯಿತು. ಅದು ಸಾವಿರದ ಒಂಬೈನೂರ ಅರವತ್ತೊಂಬತ್ತು.

ಎಟೆಲ್ಕ ಬಟ್ಟೆಗೆ ನೀಲಿ ಹಾಕುವ ಬಣ್ಣಗಾರರ ಮನೆಯ ಮಗಳು. ಅಪ್ಪನ ನೀಲಿಯ ತೊಟ್ಟಿಗಳ ಪಕ್ಕದಲ್ಲೇ ಬೆಳೆದವರು. ಬಟ್ಟೆಯನ್ನು ಎಷ್ಟು ಸಲ ಅದ್ದಿದ್ದಾರೆ ಎಂದು ಆರನೇ ವಯಸ್ಸಿಗೇ ನೋಡಿ ಹೇಳುತ್ತಿದ್ದರಂತೆ. ಸರ್ಕಾರ ಅಪ್ಪನ ಬಣ್ಣದ ಕಾರ್ಖಾನೆಯನ್ನು ವಶಪಡಿಸಿಕೊಂಡ ಮೇಲೆ ಅಪ್ಪ ಹಾಸಿಗೆ ಹಿಡಿದರು, ಮಗಳು ಭೌತಶಾಸ್ತ್ರ ಓದಿದರು. ನಮ್ಮಲ್ಲಿಗೆ ದೇಶದ ಮೂಲೆಮೂಲೆಯಿಂದ ಬಣ್ಣಗಳು ಬರುತ್ತಿದ್ದವು. ಟ್ರಾಮಿನ ಹಳದಿ, ಟೊಮೆಟೊ ಗೊಜ್ಜು, ಕಾರ್ಖಾನೆಯ ದೀಪ, ಆಸ್ಪತ್ರೆಯ ಗೋಡೆ, ನಮ್ಮೂರಿನ ಮೆಣಸಿನ ಪುಡಿ. ಯಂತ್ರ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದಾಗ ಎಟೆಲ್ಕ ತಾವೇ ನೋಡಿ ತೀರ್ಪು ಕೊಡಲು ಕೂರುತ್ತಿದ್ದರು. ಆಮೇಲೆ ತಕರಾರಿಲ್ಲ. ವಿದೇಶದ ಸಮ್ಮೇಳನಕ್ಕೆ ಮಾತ್ರ ಗಂಡಸರು ಹೋಗುತ್ತಿದ್ದರು, ಈಕೆಯ ಅಂಕಿಗಳನ್ನು ಸೂಟುಕೇಸಿನಲ್ಲಿಟ್ಟುಕೊಂಡು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಕೆ ಬ್ರೆಡ್ಡಿಗೆ ಹಂದಿಯ ಕೊಬ್ಬು ಸವರಿ, ಮೇಲೆ ಈರುಳ್ಳಿ ಇಟ್ಟು, ನನಗೊಂದು ತುಂಡು ಚಾಚಿ, ಅವರು ವಿಮಾನದಲ್ಲಿ ವಾಂತಿ ಮಾಡಿಕೊಂಡು ಬರಲಿ ಬಿಡು, ನಾವು ಊಟ ಮಾಡೋಣ ಎನ್ನುತ್ತಿದ್ದರು.

ನಮ್ಮಲ್ಲೊಂದು ಪದ್ಧತಿ ಇತ್ತು. ಬೆಳಗಿನ ಬಿಳಿ ಎಂದು ಕರೆಯುತ್ತಿದ್ದೆವು. ಬಣ್ಣ ನೋಡುವವರು ಯಾರೇ ಆಗಲಿ, ಕಾಫಿಗೂ ಮುಂಚೆ ಕತ್ತಲಲ್ಲಿ ಹತ್ತು ನಿಮಿಷ ಕೂರಬೇಕು. ಆಮೇಲೆ ಕೊಳವೆಯೊಳಗೆ ಅರ್ಧ ವೃತ್ತ ಬಿಳಿ ಬೆಳಕು ಕಾಣುತ್ತದೆ. ಉಳಿದರ್ಧದಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ, ಎರಡೂ ಅರ್ಧ ಒಂದೇ ಎನಿಸುವವರೆಗೆ ಮೂರು ತಿರುಗಣೆ ತಿರುಗಿಸಬೇಕು. ತಿರುಗಣೆಯ ಅಂಕಿ ಕಾಣುವುದು ಪರದೆಯ ಹಿಂದೆ ಕೂತವನಿಗೆ ಮಾತ್ರ. ಅವನು ಅದನ್ನು ಕಾರ್ಡಿನಲ್ಲಿ ಬರೆದು, ತಿರುಗಣೆಗಳನ್ನು ಅಡ್ಡಾದಿಡ್ಡಿ ತಿರುಗಿಸಿಬಿಡಬೇಕು. ನೋಡಿದವರಿಗೆ ತಮ್ಮ ಅಂಕಿ ಎಂದಿಗೂ ತಿಳಿಯಬಾರದು. ತಿಳಿದರೆ ಮರುದಿನ ಕಣ್ಣಿನ ಬದಲು ನೆನಪು ಕೆಲಸ ಮಾಡುತ್ತದೆ ಎನ್ನುತ್ತಿದ್ದರು ಎಟೆಲ್ಕ. ಪರದೆಯ ಹಿಂದಿನವನು ನಾನು. ಕೊಳವೆಯೊಳಗೆ ಇಣುಕಿದರೂ ಬಣ್ಣ ಊಹಿಸಲಾರದವನು ಅಂತಲೇ ಆಕೆ ನನ್ನನ್ನು ಆರಿಸಿದ್ದರು.

ಹೀಗೆ ದಿನಾ ಬೆಳಿಗ್ಗೆ ಆಕೆಯ ಮೂರು ಅಂಕಿ ಬರೆದೆ. ಕೆಂಪು, ಹಸಿರು ಇದ್ದಲ್ಲೇ ಇರುತ್ತಿದ್ದವು. ನೀಲಿ ಮಾತ್ರ ಮೊದಲ ವರ್ಷ ಮೂವತ್ತೆಂಟು, ಐದನೇ ವರ್ಷ ನಲವತ್ತು, ಹನ್ನೆರಡನೇ ವರ್ಷ ನಲವತ್ನಾಲ್ಕು ಆಯಿತು. ನಾನು ವಿಜ್ಞಾನಿಯಲ್ಲ, ಆದರೆ ಆ ನೆಲಮಾಳಿಗೆಯಲ್ಲಿ ಕೂತವನಿಗೆ ಇಷ್ಟು ಗೊತ್ತಿರುತ್ತದೆ: ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತದೆ, ನೀಲಿಯನ್ನು ನುಂಗುತ್ತದೆ, ಮೊದಲಿನ ಬಿಳಿಯೇ ಕಾಣಬೇಕಾದರೆ ಹೆಚ್ಚು ನೀಲಿ ಸುರಿಯಬೇಕಾಗುತ್ತದೆ. ಕಣ್ಣಿನ ಯಜಮಾನನಿಗೆ ಇದರ ಸುಳಿವೇ ಹತ್ತುವುದಿಲ್ಲ. ಇದು ಕಣ್ಣು ಚೆನ್ನಾಗಿದೆಯೇ ಎಂದು ನೋಡುವ ದಿನದ ತಪಾಸಣೆ ಎಂದಷ್ಟೇ ನಾನು ತಿಳಿದಿದ್ದೆ. ನೀಲಿ ಬಣ್ಣಗಾರನ ಮಗಳಿಗೆ ನೀಲಿಯೇ ಕಡಿಮೆಯಾಗುತ್ತಿದೆ ಎಂದು ಪ್ರತಿ ಬೆಳಿಗ್ಗೆ ಬರೆಯುವ ಕೆಲಸ ನನ್ನದಾಯಿತು.

ಎಂಬತ್ತೇಳರಲ್ಲಿ ಹೊಸ ಮುಖ್ಯಸ್ಥ ಬಂದ. ಝೆಂಬೆರಿ ಎಂದು ಹೆಸರು, ನಲವತ್ತು ದಾಟದ ಮನುಷ್ಯ, ಮಾತಿಗೆ ಮುಂಚೆ ಗಡಿಯಾರ ನೋಡುವ ಚಾಳಿ. ಬೆಳಗಿನ ಬಿಳಿಯಲ್ಲಿ ನೀಲಿಯ ಅಂಕಿ ಐವತ್ತು ದಾಟಿದವರು ಇನ್ನು ಮೇಲೆ ಕಾರ್ಖಾನೆಗಳ ಬಣ್ಣಕ್ಕೆ ಪ್ರಮಾಣಪತ್ರ ಕೊಡುವ ಅಳತೆಗೆ ಕೂರುವಂತಿಲ್ಲ, ಕಾರ್ಡುಗಳನ್ನು ವರ್ಷದ ಕೊನೆಗೆ ತಾನೇ ನೋಡುತ್ತೇನೆ ಎಂದು ಸುತ್ತೋಲೆ ಹೊರಡಿಸಿದ. ಎಟೆಲ್ಕ ಅವರದು ಆಗ ನಲವತ್ತೊಂಬತ್ತು. ನಿವೃತ್ತಿಯ ವಯಸ್ಸು ದಾಟಿ ವರ್ಷಕ್ಕೊಮ್ಮೆ ಅವಧಿ ಮುಂದುವರಿಸಿಕೊಂಡು ಬರುತ್ತಿದ್ದವರು ಬೇರೆ. ಆ ಅಳತೆಯ ಕುರ್ಚಿ ಹೋದರೆ ಕೆಲಸವೂ ಹೋದಂತೆ, ಕೆಲಸ ಹೋದರೆ ಈ ಹೆಂಗಸು ಬದುಕುವುದು ಹೇಗೆ ಎಂದು ನನ್ನ ಲೆಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಆ ಕೊಳವೆ ಮತ್ತು ಪರದೆಯ ಹಿಂದಿನ ನಾನು.

ಎಂಬತ್ತೆಂಟರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತಿರುಗಣೆ ಐವತ್ತೊಂದು ತೋರಿಸಿತು. ನಾನು ನಲವತ್ತಾರು ಎಂದು ಬರೆದೆ.

ಒಂದು ದಿನ ನಲವತ್ತೈದು, ಮರುದಿನ ನಲವತ್ತೇಳು ಎಂದು ಏರಿಳಿತ ಕೊಟ್ಟು ನಂಬಿಕೆ ಬರುವಂತೆ ಬರೆಯುವುದರಲ್ಲಿ ಪಳಗಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆಯಾಗುತ್ತಿತ್ತು. ನನ್ನನ್ನು ಹಳ್ಳದಿಂದ ಎತ್ತಿದವರನ್ನು ಈಗ ನಾನು ಎತ್ತಿ ಹಿಡಿದಿದ್ದೇನೆ ಎಂದು ಮನೆಗೆ ಹೋಗುವ ಟ್ರಾಮಿನಲ್ಲಿ ಒಬ್ಬನೇ ನಗುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಝೆಂಬೆರಿ ಕಾರ್ಡು ನೋಡಿದ, ತಲೆಯಾಡಿಸಿದ, ಹೋದ.

ತೊಂಬತ್ತೊಂದರ ವಸಂತದಲ್ಲಿ ಎಟೆಲ್ಕ ತಾವೇ ನಿವೃತ್ತಿ ಕೇಳಿ ಅರ್ಜಿ ಕೊಟ್ಟರು. ಅರವತ್ತು ತುಂಬಿತ್ತು. ಆ ವಾರವೇ ಉದ್ದದ ಮೇಜಿನ ಮೇಲೆ ಗೆರೆ ಕಾಗದದ ಸುರುಳಿ ಬಿಚ್ಚಿ, ತಮ್ಮ ಕಾರ್ಡುಗಳ ಪೆಟ್ಟಿಗೆಗಳನ್ನೆಲ್ಲ ತರಲು ನನಗೆ ಹೇಳಿದರು. ಮೊದಲ ದಿನದ ಕಾರ್ಡಿನಿಂದ ನೀಲಿಯ ಅಂಕಿಯನ್ನು ಓದುತ್ತಾ ಹೋಗು, ನಾನು ಚುಕ್ಕಿ ಇಡುತ್ತೇನೆ ಎಂದರು. ಯಾಕೆ ಎಂದು ಕೇಳಿದೆ. ಅವರ ಮುಖ ಅರಳಿದ್ದನ್ನು ನಾನು ನೋಡಿದ್ದು ಅಪರೂಪ.

"ನಿನಗೆ ಹೇಳಿರ್ಲಿಲ್ಲ, ಬೇಕು ಅಂತಲೇ ಹೇಳಿರ್ಲಿಲ್ಲ. ಬರೆಯೋನಿಗೆ ಆಸೆ ಇರಬಾರದು ನೋಡು. ಎಲ್ಲರೂ ಏನ್ ಮಾಡ್ತಾರೆ, ಇಪ್ಪತ್ತರ ಹುಡುಗನ್ನ, ಅರವತ್ತರ ಮುದುಕನ್ನ ಒಂದೇ ದಿನ ಕೂರಿಸಿ ಹೋಲಿಸ್ತಾರೆ. ಅದು ಎರಡು ಕಣ್ಣು, ಒಂದಲ್ಲ. ನಾನು ಒಂದೇ ಕಣ್ಣಿನ ಹಿಂದೆ ಬಿದ್ದೆ ಕಣೋ. ನನ್ನ ಕಣ್ಣು ಹಳದಿ ಆಗೋದನ್ನ ಕಾಯ್ತಾ ಕೂತಿದ್ದೆ. ನನ್ನ ಜೀವಮಾನದ ಕೆಲಸ ಅಂತ ಇದ್ರೆ ಇದೊಂದೇ."

ಓಡಿಹೋಗುವ ಜಾಗವಿರಲಿಲ್ಲ. ಮೊದಲ ಪೆಟ್ಟಿಗೆ ತೆರೆದು ಓದತೊಡಗಿದೆ.

ನಾಲ್ಕು ದಿನ ಓದಿದೆ. ಚುಕ್ಕಿಗಳು ಮೆಲ್ಲಗೆ ಏರುತ್ತಾ ಹೋದವು. ಆಕೆ ಒಂದೊಂದು ವರ್ಷಕ್ಕೂ ಖುಷಿಪಡುತ್ತಿದ್ದರು. ತನ್ನ ಕಣ್ಣು ಮುಪ್ಪಾಗುವುದನ್ನು ನೋಡಿ ಅಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ಐದನೇ ದಿನ ಎಂಬತ್ತೆಂಟರ ಮಾರ್ಚ್ ಬಂತು. ಏರುತ್ತಿದ್ದ ಚುಕ್ಕಿಗಳು ಧಪ್ಪನೆ ಕೆಳಗಿಳಿದು ಅಲ್ಲೇ ಮಟ್ಟಸವಾಗಿ ಮಲಗಿಕೊಂಡವು. ಆಕೆ ಪೆನ್ಸಿಲ್ ಕೆಳಗಿಟ್ಟರು. ಮುಪ್ಪು ಹಿಂದಕ್ಕೆ ನಡೆಯುವುದಿಲ್ಲವಲ್ಲ ಎಂದರು, ನನಗಲ್ಲ, ಕಾಗದಕ್ಕೆ.

ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ಹೇಡಿ ನಾನು, ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಜೋಡಿಸಿದೆ.

ಎರಡು ವಾರ ಆಕೆ ಯಂತ್ರವನ್ನು ಬಿಚ್ಚಿದರು. ದೀಪ ಬದಲಾಯಿಸಿದ ದಿನಾಂಕ ಹುಡುಕಿದರು, ಗಾಜುಗಳನ್ನು ತೊಳೆದರು, ತಂತಿ ಅಳೆದರು. ಎಲ್ಲ ಸರಿಯಾಗಿತ್ತು. ಅದೇ ಯಂತ್ರದಲ್ಲಿ ಕೂತ ಬೇರೆಯವರ ಕಾರ್ಡುಗಳನ್ನೂ ತೆಗೆದು ನೋಡಿದರು. ಅವರ ಗೆರೆಗಳಲ್ಲಿ ಎಲ್ಲೂ ಕುಸಿತವಿರಲಿಲ್ಲ. ಹಾಗಾದರೆ ಯಂತ್ರದ ತಪ್ಪಲ್ಲ. ನನ್ನ ಮೇಲೆ ಸಂಶಯ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ಕೇಳಿದರೆ ಒಪ್ಪಿಕೊಂಡುಬಿಡುತ್ತಿದ್ದೆ. ಅದೊಂದು ಮಾತ್ರ ಆಕೆಗೆ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಪರದೆಯ ಹಿಂದೆ ಕೂತವನನ್ನು ಸಂಶಯಿಸುವುದು ಆಕೆಗೆ ಗೊತ್ತೇ ಇರಲಿಲ್ಲ.

ಮೂರನೆಯ ವಾರ ಒಂದು ಬೆಳಿಗ್ಗೆ ನಾನು ಒಳಗೆ ಬಂದಾಗ ಆಕೆ ಕಾರ್ಡುಗಳನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬುತ್ತಿದ್ದರು. ಕಾಗದದ ಸುರುಳಿಯನ್ನು ನಾಲ್ಕಾಗಿ ಮಡಚಿ ಮೇಲಿಟ್ಟಿದ್ದರು. ಇವನ್ನು ಒಲೆಯವನಿಗೆ ಕೊಟ್ಟು ಬಾ ಎಂದರು. ಕಟ್ಟಡ ಬಿಸಿ ಮಾಡುವ ಒಲೆಯ ಮಾತು. ಯಾಕೆ ಎಂದು ಕೇಳಿದೆ.

"ತಪ್ಪು ನನ್ನದೇ ಬೆನೆಡೆಕ್. ನನ್ನ ಕೈ ಮೋಸ ಮಾಡಿದೆ. ಕಣ್ಣು ನೋಡೋ ಬದಲು ಕೈ ಅಭ್ಯಾಸದ ಮೇಲೆ ತಿರುಗಿಸಿಬಿಟ್ಟಿದೆ. ಕೊನೇ ಮೂರು ವರ್ಷ ಹಂಗಾಗಿದೆ ಅಂದ್ರೆ, ಮೊದಲಿನ ಹತ್ತೊಂಬತ್ತು ವರ್ಷ ಆಗಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಒಂದೂ ನಂಬೋ ಹಾಗಿಲ್ಲ. ತಗೊಂಡು ಹೋಗು."

ಡಬ್ಬಿ ನನ್ನ ಕೈಯಲ್ಲಿತ್ತು. ಬಾಗಿಲವರೆಗೆ ಹೋದೆ. ವಾಪಸು ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೈಯಲ್ಲ ಡಾಕ್ಟರಮ್ಮ, ನಾನು ಎಂದೆ. ಸುತ್ತೋಲೆ, ಐವತ್ತೊಂದು, ನಲವತ್ತಾರು, ದಿನಾ ಮಾಡಿದ ಏರಿಳಿತ, ಎಲ್ಲವನ್ನೂ ಹೇಳಿದೆ.

ಆಕೆ ಕೂಗಾಡಲಿಲ್ಲ. ಮೊದಲು ಕೇಳಿದ್ದು, ಯಾವ ದಿನಾಂಕದಿಂದ ಎಂದು. ಹೇಳಿದೆ. ನಿಜವಾದ ಅಂಕಿಗಳನ್ನು ಎಲ್ಲಾದರೂ ಬರೆದಿಟ್ಟಿದ್ದೀಯಾ ಎಂದರು. ಇಲ್ಲ ಎಂದೆ. ಪ್ರತಿದಿನ ಒಂದೇ ಲೆಕ್ಕದಲ್ಲಿ ಕಳೆದೆಯಾ ಎಂದರು. ಇಲ್ಲ, ಮನಸ್ಸಿಗೆ ಬಂದಂತೆ ಎಂದೆ. ಆಗ ಆಕೆ ಕಣ್ಣು ಮುಚ್ಚಿಕೊಂಡರು. ಮರಳಿ ತರಲು ಯಾವ ದಾರಿಯೂ ಇಲ್ಲ ಎಂದು ಇಬ್ಬರಿಗೂ ಅರ್ಥವಾಯಿತು.

"ನನ್ನ ಮೇಲೆ ಕನಿಕರ ಬಂತಾ ನಿನಗೆ?"

"ಕನಿಕರ ಅಲ್ಲ ಡಾಕ್ಟರಮ್ಮ. ನಿಮ್ಮ ಋಣ ಇತ್ತು."

"ಋಣ ತೀರಿಸೋಕೆ ಬೇರೆ ಏನೂ ಸಿಗ್ಲಿಲ್ವಾ? ನನ್ನ ಮುಪ್ಪನ್ನೇ ಕದೀಬೇಕಿತ್ತಾ?"

ಹೊರಗೆ ಹೋಗು ಎಂದರು. ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ನಾಚಿಕೆ ಇದ್ದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ, ಡಬ್ಬಿ ಒಲೆಗೆ ಹೋಗಲಿಲ್ಲವಲ್ಲ ಎಂಬ ನಿರಾಳಕ್ಕೆ ಅತ್ತೆ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಒಳಗೆ ಬಾ, ಇವತ್ತಿನ ಬಿಳಿ ಇನ್ನೂ ಆಗಿಲ್ಲ ಎಂದರು. ನಾನು ಪರದೆಯ ಹಿಂದೆ ಕೂರಲು ಹಿಂದೆಮುಂದೆ ನೋಡಿದೆ, ಬೇರೆ ಯಾರನ್ನಾದರೂ ಕರೆಯಿರಿ ಎಂದೆ. ಆಕೆಗೆ ಆಗ ನಿಜವಾಗಿ ಸಿಟ್ಟು ಬಂತು. ಹತ್ತೊಂಬತ್ತು ವರ್ಷ ನೆಟ್ಟಗೆ ಬರೆದವನನ್ನು ಬಿಟ್ಟು ಇನ್ಯಾವ ಪುಣ್ಯಾತ್ಮನನ್ನು ಹುಡುಕಿಕೊಂಡು ಹೋಗಲಿ, ಮುಚ್ಚಿಕೊಂಡು ಕೂತು ಬರಿ ಎಂದು ಗದರಿದರು. ಅಂದು ನೀಲಿ ಐವತ್ತೈದಿತ್ತು. ಐವತ್ತೈದು ಎಂದೇ ಬರೆದೆ.

ಮಧ್ಯಾಹ್ನ ಆಕೆಯೇ ಝೆಂಬೆರಿಯ ಕೋಣೆಗೆ ಹೋಗಿ ತನ್ನ ಕಣ್ಣು ಮಿತಿ ದಾಟಿದೆ, ಪ್ರಮಾಣಪತ್ರದ ಕುರ್ಚಿ ಬಿಡುತ್ತೇನೆ ಎಂದು ಹೇಳಿ ಬಂದರು. ಮೂರು ವರ್ಷದ ಪ್ರಮಾಣಪತ್ರಗಳನ್ನು ತೆಗೆದು ಎಳೆಯ ಕಣ್ಣುಗಳಿಂದ ಮತ್ತೊಮ್ಮೆ ನೋಡಿಸಬೇಕು ಎಂದೂ ಹಟ ಹಿಡಿದರು. ಎರಡು ಪತ್ರಗಳನ್ನು ತಿದ್ದಬೇಕಾಯಿತು, ಆಕೆಯೇ ಕ್ಷಮೆ ಕೇಳಿ ಆ ಕಾರ್ಖಾನೆಗಳಿಗೆ ಬರೆದರು. ಝೆಂಬೆರಿ ನನ್ನನ್ನು ಕರೆಸಿ ಗಡಿಯಾರ ನೋಡದೆ ಹತ್ತು ನಿಮಿಷ ಬೈದ. ಕಾಲು ಗಂಟೆ ಬೈದಿದ್ದರೂ ಕೇಳುತ್ತಿದ್ದೆ. ಕೊನೆಯಲ್ಲಿ, ಕುರ್ಚಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ನಿನಗೆ ಹೇಳಿದವರಾರು, ಆಕೆ ಇರುವವರೆಗೂ ಆ ನೆಲಮಾಳಿಗೆ ಆಕೆಯದೇ ಎಂದ. ಯಾವ ಕುರ್ಚಿಗಾಗಿ ನಾನು ಮೂರು ವರ್ಷ ಸುಳ್ಳು ಬರೆದೆನೋ ಅದನ್ನು ಆಕೆ ಒಂದು ಮಧ್ಯಾಹ್ನ ಕೋಟು ಬಿಚ್ಚಿಟ್ಟಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದರು.

ನಿವೃತ್ತರಾದ ಮೇಲೂ ಎರಡು ವರ್ಷ ಆಕೆ ದಿನಾ ಬೆಳಿಗ್ಗೆ ಟ್ರಾಮು ಹಿಡಿದು ಬಂದು ಕತ್ತಲಲ್ಲಿ ಕೂತರು. ನಾನು ಬರೆದೆ, ಎರಡು ವರ್ಷ ಮುಗಿಯುವವರೆಗೆ ಅಂಕಿ ಅವರಿಗೆ ತೋರಿಸಲಿಲ್ಲ. ಹೊಸ ಚುಕ್ಕಿಗಳು ಹಳೆಯ ಏರಿಕೆಯ ನೇರಕ್ಕೇ ಬಂದು ಕೂತದ್ದನ್ನು ನೋಡಿ ಆಕೆ ಚಪ್ಪಾಳೆ ತಟ್ಟಿದರು. ಕಣ್ಣು ಸುಳ್ಳು ಹೇಳಿರಲಿಲ್ಲ, ಕೈಯೂ ಹೇಳಿರಲಿಲ್ಲ. ನಡುವಿನ ಮೂರು ವರ್ಷಗಳ ಜಾಗ ಮಾತ್ರ ಬೋಳಾಗಿತ್ತು. ಎರಡೂ ಕಡೆಯನ್ನು ಸೇರಿಸಿ ಒಂದು ಗೆರೆ ಎಳೆದುಬಿಡಿ, ಯಾರಿಗೆ ತಿಳಿಯುತ್ತದೆ ಎಂದು ಕಿರಿಯನೊಬ್ಬ ಸಲಹೆ ಕೊಟ್ಟ. ಆಕೆ ಅವನನ್ನು ನೋಡಿದ ನೋಟಕ್ಕೆ ಅವನು ಒಂದು ವಾರ ನೆಲಮಾಳಿಗೆಗೆ ಇಳಿಯಲಿಲ್ಲ.

ತೊಂಬತ್ನಾಲ್ಕರಲ್ಲಿ ಆ ಗೆರೆಯ ಲೇಖನ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಗಲಿತ್ತು. ಕರಡನ್ನು ಹಿಡಿದುಕೊಂಡು ಆಕೆ ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಪೊಗಾಚ ರೊಟ್ಟಿ ಬೇಯಿಸಿದ್ದಳು, ಎರಡು ತಿಂದಾದ ಮೇಲೆ ಕಾಗದ ನನ್ನ ಕೈಗಿಟ್ಟರು. ಚಿತ್ರದಲ್ಲಿ ಏರುವ ಗೆರೆ, ನಡುವೆ ಮೂರು ವರ್ಷದ ಬಿಳಿ ಜಾಗ, ಮತ್ತೆ ಏರುವ ಗೆರೆ. ಕೆಳಗೆ ಒಂದು ಸಾಲು: "ಈ ಅವಧಿಯ ಅಂಕಿಗಳನ್ನು ಕೈಬಿಡಲಾಗಿದೆ, ನೋಡುವವಳ ಮೇಲಿನ ಅಕ್ಕರೆಯಿಂದ ಬರೆಯುವವನು ಅವುಗಳನ್ನು ಕಡಿಮೆ ಮಾಡಿ ಬರೆದಿದ್ದಾನೆ." ಪತ್ರಿಕೆಯವರು ಆ ಅಕ್ಕರೆ ಎಂಬ ಪದವನ್ನು ತೆಗೆಯಲು ಹೇಳಿದ್ದರಂತೆ. ಕಾರಣ ಗೊತ್ತಿದ್ದೂ ಬರೆಯದಿದ್ದರೆ ಅದು ಇನ್ನೊಂದು ಸುಳ್ಳಾಗುತ್ತದೆ ಎಂದು ಆಕೆ ಒಪ್ಪಿರಲಿಲ್ಲ.

ಮೇಲೆ ಇಬ್ಬರ ಹೆಸರಿತ್ತು. ಮೊದಲು ಅವರದು, ಪಕ್ಕದಲ್ಲಿ ನನ್ನದು. ಇದು ತಪ್ಪು, ನನ್ನ ಹೆಸರು ತೆಗೆಯಿರಿ ಎಂದೆ.

"ಸುಮ್ನಿರಯ್ಯ. ಮೂರು ವರ್ಷ ಸುಳ್ಳು ಬರೆದಿದ್ದೀಯ, ಅದನ್ನ ಅಚ್ಚು ಹಾಕಿಸಿದೀನಿ. ಇಪ್ಪತ್ತೊಂದು ವರ್ಷ ನಿಜ ಬರೆದಿದ್ದೀಯಲ್ಲ, ಅದನ್ನ ಯಾಕೆ ಮುಚ್ಚಿಡ್ಲಿ? ನೀನು ಆವತ್ತು ಬಾಗಿಲಿಂದ ವಾಪಸು ಬರದೇ ಹೋಗಿದ್ರೆ ನನ್ನ ಹತ್ರ ಒಂದು ಚುಕ್ಕಿನೂ ಇರ್ತಿರ್ಲಿಲ್ಲ. ಥ್ಯಾಂಕ್ಸ್ ಹೇಳೋಕೆ ಬಂದೆ ಕಣೋ, ಜಗಳ ಆಡೋಕಲ್ಲ."

ಆಮೇಲೆ ಚೀಲದಿಂದ ಇನ್ನೊಂದು ಹಾಳೆ ತೆಗೆದರು. ಲೇಖನದಲ್ಲಿರುವುದೆಲ್ಲ ಸತ್ಯ ಎಂದು ಇಬ್ಬರೂ ಲೇಖಕರು ಸಹಿ ಹಾಕಿ ಪತ್ರಿಕೆಗೆ ಕಳಿಸಬೇಕಿತ್ತು. ಅವರ ಸಹಿ ಆಗಲೇ ಇತ್ತು. ನಾನು ಚಿತ್ರದ ಕೆಳಗಿನ ಆ ಸಾಲನ್ನು ಇನ್ನೊಮ್ಮೆ ಓದಿದೆ, ಮೇಜಿನ ಮೇಲಿದ್ದ ರೊಟ್ಟಿಯ ಚೂರುಗಳನ್ನು ಕೈಯಿಂದ ಸರಿಸಿದೆ, ಸಹಿ ಹಾಕಿದೆ. ಆ ಮೂರು ವರ್ಷಗಳ ಬಗ್ಗೆ ನನ್ನ ಕೈ ಬರೆದ ಮೊದಲ ನಿಜ ಅದು.